ಒಳಗಿನ ನಾಯಿ

ಇವತ್ತು ತಾನೂ ಬರುತ್ತೇನೆಂದು ಬೊಲೆಟ್ಟೆ ಹೇಳಿದಾಗ ಎನೋಕ್ ಬೂಟಿನ ದಾರ ಬಿಗಿಯುತ್ತಿದ್ದ. ಹುಬ್ಬೇರಿಸಿ ಹೌದೆನ್ನಲಿಲ್ಲ, ಮೂಗು ಸುಕ್ಕಿಸಿ ಬೇಡವೆನ್ನಲೂ ಇಲ್ಲ. ಅವನ ಬಲಭುಜ ಉಳುಕಿ ವಾರವಾಗಿತ್ತು. ಮಂಜುಗಡ್ಡೆಯ ತೂತಿನಿಂದ ಗಾಳದ ಹಗ್ಗ ಮೇಲೆತ್ತುವ ರಾಟೆಗೆ ಇನ್ನೊಂದು ಜೊತೆ ಕೈ ಬೇಕೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಒಲೆಯ ಬದಿಯಲ್ಲಿ ಕೂತಿದ್ದ ಅತ್ತೆ ಸಬೀನಾ ಕಾಫಿ ಬಟ್ಟಲಿನಿಂದ ಬಾಯಿ ತೆಗೆಯದೆ, "ಹೋಗ್ಲಿ ಬಿಡೋ. ಕುರಿ ಮೇಯಿಸಿದ ಕೈ, ಮೀನು ಎಳೆಯೋದೂ ಕಲೀಲಿ" ಅಂದಳು. ಅದು ಹಂಗಿಸಿದ್ದೋ ಒಪ್ಪಿದ್ದೋ ತಿಳಿಯದೆ ಬೊಲೆಟ್ಟೆ ನಕ್ಕಳು. ದಕ್ಷಿಣದ ಕುರಿಹಟ್ಟಿಯಿಂದ ಮದುವೆಯಾಗಿ ಈ ಊರಿಗೆ ಬಂದಮೇಲೆ ಅವಳು ಕಲಿತ ಮೊದಲ ವಿದ್ಯೆ ಅದು: ಅರ್ಥವಾಗದಿದ್ದಾಗ ಎಲ್ಲರಿಗಿಂತ ಮೊದಲು ನಕ್ಕುಬಿಡುವುದು. ನಿಜಕ್ಕೂ ಅವಳು ಹೊರಟದ್ದು ರಾಟೆಗಾಗಿ ಅಲ್ಲ. ಇಮ್ಮುಕ್‌ನನ್ನು ನೋಡಬೇಕಿತ್ತು. ಬಂಡೆಯ ಇಳಿಜಾರಿನಲ್ಲಿ ಸರಪಳಿ ಹಾಕಿದ ನಾಯಿಗಳ ನಡುವೆ ಬಿಳಿ ಮುದ್ದೆಯಾಗಿ ಅವನು ಬಿದ್ದಿರುವುದನ್ನು ದಿನಾ ನೋಡುತ್ತಿದ್ದಳು. ಆದರೆ ಕೆಲಸದಲ್ಲಿದ್ದಾಗ ನೋಡಿರಲಿಲ್ಲ. ತಾನು ಕೊಟ್ಟದ್ದು ಏನಾಗಿದೆಯೆಂದು ನೋಡುವ ಧೈರ್ಯ ಕತ್ತಲ ತಿಂಗಳುಗಳಲ್ಲಿ ಬಂದಿರಲಿಲ್ಲ. ಈಗ ಸೂರ್ಯ ಮರಳಿ, ಹಿಮದ ಬೆಳಕು ಕಣ್ಣು ಚುಚ್ಚತೊಡಗಿದ ಮೇಲೆ, ನೋಡದೆ ಇರುವುದೇ ಒಂದು ದುಡಿಮೆಯಾಗಿಬಿಟ್ಟಿತ್ತು.

ಎನೋಕ್ ಒಂದೊಂದೇ ನಾಯಿಗೆ ಎಳೆಪಟ್ಟಿ ತೊಡಿಸುತ್ತ ಬಂದ. ನಾಯಿಗಳು ಹೊರಡುವ ಆತುರಕ್ಕೆ ಗಂಟಲು ಹರಿಯುವಂತೆ ಕೂಗುತ್ತಿದ್ದವು. ಇಮ್ಮುಕ್‌ನ ಸರದಿ ಬಂದಾಗ ಅವನು ತಾನೇ ಮುಂಗಾಲೆತ್ತಿ ಪಟ್ಟಿಯೊಳಗೆ ತೂರಿಸಿದ. ಹಾಗೆ ಕಾಲೆತ್ತುವುದನ್ನು ಕಲಿಸಿದವಳು ಬೊಲೆಟ್ಟೆಯೇ. ಬಾಗಿಲಲ್ಲಿ ಮೊಣಕಾಲೂರಿ ಕೂತು, ಹಳೆಯ ಟವೆಲ್ಲಿನಿಂದ ಒಂದೊಂದೇ ಪಾದ ಒರೆಸಿ, ಬೆರಳ ಸಂದಿಯ ಹಿಮದ ಹರಳನ್ನು ಉಗುರಿನಿಂದ ಬಿಡಿಸಿ ಒಳಗೆ ಬಿಡುತ್ತಿದ್ದಳು. ಅವಳು ಕೇಳುವ ಮೊದಲೇ ಅವನು ಇನ್ನೊಂದು ಕಾಲು ಎತ್ತಿ ಕೊಡುತ್ತಿದ್ದ. ಈಗ ಅವನ ಎಡಗಿವಿ ಅರ್ಧವೇ ಇತ್ತು. ಮೂಗಿನ ಮೇಲೆ ಕೂದಲು ಬರದ ಗಾಯದ ಗೆರೆಗಳು. "ಇಮ್ಮುಕ್" ಎಂದಳು, ಗಂಡನಿಗೆ ಕೇಳದಷ್ಟು ಮೆಲ್ಲಗೆ. ಇರುವ ಒಂದೂವರೆ ಕಿವಿಯಲ್ಲಿ ಯಾವುದೂ ಅವಳ ಕಡೆ ತಿರುಗಲಿಲ್ಲ. ಅಷ್ಟರಲ್ಲಿ ಎನೋಕ್‌ನ ತಮ್ಮ ಲಾರ್ಸೆರಾಕ್ ತನ್ನ ಜಾರುಬಂಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. ಅವಳನ್ನು ಕಂಡದ್ದೇ ಅವನ ಮುಖ ಅಗಲವಾಯಿತು. "ಏನ್ ಕುರಿ ಅತ್ತಿಗೆ, ಇವತ್ತು ಹಾಲು ಕರೆಯೋಕೆ ಹೊರಟ್ರಾ?"

ಇಮ್ಮುಕ್ ಎಂದರೆ ಹಾಲು. ಹೆಸರಿಟ್ಟವಳು ಅವಳಾದ್ದರಿಂದ ಆ ಹೆಸರಿನ ಮೇಲಿನ ಪ್ರತಿ ನಗೆಯೂ ಅವಳ ಪಾಲಿಗೇ ಬರುತ್ತಿತ್ತು. ಬಂಡಿ ದಡದ ಒಡಕು ಮಂಜಿನ ಮೇಲೆ ಎದ್ದುಬಿದ್ದು ಸಪಾಟಾಗಿ ಹೆಪ್ಪುಗಟ್ಟಿದ ಕಡಲಿಗಿಳಿಯಿತು, ನಾಯಿಗಳು ಬೀಸಣಿಗೆಯ ಹಾಗೆ ಹರಡಿಕೊಂಡವು, ಕೂಗು ಒಮ್ಮೆಲೆ ನಿಂತು ಬರೀ ಉಸಿರು ಉಳಿಯಿತು. ಸೀಲ್ ಚರ್ಮದ ಮೇಲೆ ಗಂಡನ ಬೆನ್ನಿಗೆ ಬೆನ್ನು ಕೊಟ್ಟು ಕೂತವಳು ಕತ್ತು ತಿರುಗಿಸಿ ಆ ಬಿಳಿಯ ಬೆನ್ನನ್ನೇ ನೋಡಿದಳು. ಅವನು ಸಿಕ್ಕಿದ್ದು ಕೆಟ್ಟ ಗಾಳಿಯ ದಿನ. ಹಿಮಗಾಳಿಯಲ್ಲಿ ಈದ ಹೆಣ್ಣುನಾಯಿ ಸೆಟೆದು ಸತ್ತಿತ್ತು, ಅದರ ಹೊಟ್ಟೆಯಡಿ ಮರಿಗಳೆಲ್ಲ ಕಲ್ಲಾಗಿದ್ದವು, ಒಂದು ಮಾತ್ರ ಬಾಯಿ ತೆರೆದು ಮುಚ್ಚುತ್ತಿತ್ತು. ಎನೋಕ್ ಅದರ ಹಿಂಗಾಲು ಹಿಡಿದೆತ್ತಿ ಬಂಡೆಯ ಕಡೆ ತಿರುಗಿದ್ದ. ಅದರಲ್ಲಿ ಕ್ರೌರ್ಯವೇನಿರಲಿಲ್ಲ, ದೀಪ ಆರಿಸುವವನ ಕೈಯಷ್ಟೇ ಸಹಜವಾಗಿತ್ತು ಆ ಕೈ. ಅವಳು ಅದನ್ನು ಕಿತ್ತುಕೊಂಡು ಅಂಗಿಯೊಳಗೆ, ಬರಿ ಮೈಗೆ ತಾಗುವಂತೆ ಇಟ್ಟುಕೊಂಡಳು. ಪುಡಿ ಹಾಲು ಕಲಸಿ ಬಟ್ಟೆಯ ತುದಿಯಲ್ಲಿ ಅದ್ದಿ ಕುಡಿಸಿದಳು. ಆಮೇಲೆ ಬೇರೆ ಮರಿಗಳೆಲ್ಲ ಸರಪಳಿಗೆ ಹೋಗುವ ವಯಸ್ಸಿನಲ್ಲಿ ಅವನು ಸೋಫಾದ ಮೇಲೆ ಅವಳ ಕಾಲ ಬಿಸಿಗೆ ಮಲಗುತ್ತಿದ್ದ. "ನಾಯಿಗೆ ಸೂರು ಕೊಟ್ಟವರು ನಮ್ಮ ಕಡೆ ಯಾರೂ ಇಲ್ಲಮ್ಮ. ನಾಳೆ ಅದಕ್ಕೂ ಕಾಫಿ ಕೊಡ್ತೀಯೇನೋ" ಎನ್ನುತ್ತಿದ್ದಳು ಸಬೀನಾ. ಊರಿನವರು ದಾರಿಯಲ್ಲಿ ಹೋಗುತ್ತ ಬೇಕೆಂದೇ ಕಿಟಕಿಯಲ್ಲಿ ಇಣುಕಿ, ಕೈಬೀಸಿ ಹೋಗುತ್ತಿದ್ದರು; ಕೈಬೀಸಿದ್ದು ಅವಳಿಗಲ್ಲ, ನಾಯಿಗೆ. ಅವಳು ಮಾತಾಡುವಾಗ ದಕ್ಷಿಣದ ಎಳೆತ ಬಂದರೆ ಅಂಗಡಿಯಲ್ಲಿ ಹೆಂಗಸರು ಕೆಮ್ಮುತ್ತಿದ್ದ ಕಾಲ ಅದು. ಮಾತು ತಿದ್ದದೆ ಕೇಳಿಸಿಕೊಳ್ಳುತ್ತಿದ್ದವನು ಅವನೊಬ್ಬನೇ.

ಆದರೂ ಅವನನ್ನು ಕೊಟ್ಟವಳು ಅವಳೇ. ಯಾರೂ ಕಿತ್ತುಕೊಂಡಿರಲಿಲ್ಲ. ಹೋದ ಶರತ್ಕಾಲದಲ್ಲಿ ಬಂದ ರೋಗಕ್ಕೆ ಊರಿನ ನಾಯಿಗಳು ಬಾಯಲ್ಲಿ ನೊರೆ ಕಟ್ಟಿ, ಕಾಲು ಸೆಳೆದು, ಒಂದರ ಹಿಂದೊಂದು ಬಿದ್ದವು. ಎನೋಕ್‌ನ ಬಂಡಿಯಲ್ಲಿ ಅರ್ಧಕ್ಕರ್ಧ ಹೋಯಿತು. ಒಳಗಿದ್ದ ಇಮ್ಮುಕ್‌ಗೆ ಏನೂ ಆಗಲಿಲ್ಲ. ಎನೋಕ್ ಒಂದು ಮಾತೂ ಕೇಳಲಿಲ್ಲ. ಸಂಜೆ ಸೋಫಾದ ಇನ್ನೊಂದು ತುದಿಯಲ್ಲಿ ಕೂತು, ನಿದ್ದೆಯಲ್ಲಿ ಕಾಲು ಕೊಡವುತ್ತಿದ್ದ ನಾಯಿಯ ಅಗಲವಾದ ಎದೆಯನ್ನು ನೋಡುತ್ತಿದ್ದ, ಅಷ್ಟೇ. ಸಬೀನಾಳ ಹುಟ್ಟುಹಬ್ಬದ ಕಾಫಿಗೆ ಮನೆ ತುಂಬ ಜನ ಸೇರಿದ್ದಾಗ ಲಾರ್ಸೆರಾಕ್ ಲೋಟ ಎತ್ತಿ ಹೇಳಿದ: "ನಮ್ಮಣ್ಣಂಗೆ ಈ ಸಲ ಐದೂವರೆ ನಾಯಿ ಕಣ್ರೋ. ಆ ಅರ್ಧ ಎಲ್ಲಿ ಅಂತೀರಾ? ಅಲ್ನೋಡಿ, ದಿಂಬಿಗೆ ತಲೆ ಕೊಟ್ಟು ಗೊರಕೆ ಹೊಡೀತಿದೆ." ಎಲ್ಲರೂ ನಕ್ಕರು. ಅವಳು ಎಲ್ಲರಿಗಿಂತ ಮೊದಲು ನಕ್ಕಳು. ನಗುತ್ತ ನಗುತ್ತ ಗಂಡನ ಮುಖ ನೋಡಿದಳು, ಅವನೂ ನಗುತ್ತಿದ್ದ, ಕಿವಿಯವರೆಗೆ ಕೆಂಪಾಗಿದ್ದ. ಆಗ ಅವಳ ಬಾಯಿಂದ ಬಂತು: "ನಾಳೆ ಕಟ್ಟಿಬಿಡು, ಎನೋಕ್. ಹೊರಗೆ ಕಟ್ಟು ಅವನನ್ನ." ಆಮೇಲೆ ಸಬೀನಾ ಎದ್ದು ಬಂದು, ಬಂದ ನೆಂಟರನ್ನೆಲ್ಲ ಬಿಟ್ಟು, ಮೊದಲು ಅವಳ ಬಟ್ಟಲಿಗೆ ಕಾಫಿ ಬಗ್ಗಿಸಿದಳು. ಹಬ್ಬದ ತಿನಿಸಾಗಿ ಇಟ್ಟಿದ್ದ ತಿಮಿಂಗಿಲದ ತೊಗಲಿನ ಎಳೆಯ ತುಂಡೊಂದನ್ನು ಚಾಕುವಿನ ತುದಿಯಲ್ಲಿ ಎತ್ತಿ ಅವಳಿಗೇ ಕೊಟ್ಟಳು. ಅಂಗಡಿಯ ಹೆಂಗಸರಲ್ಲೊಬ್ಬಳು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಆ ತುಂಡು ಎಷ್ಟು ರುಚಿಯಾಗಿತ್ತು. ಅದೇ ಅವಳಿಗೆ ಮರೆಯಲಾಗದ್ದು: ಬೆರಳ ಜಿಡ್ಡನ್ನೂ ನೆಕ್ಕಿದ್ದಳು.

ಮೊದಲ ದಿನಗಳಲ್ಲಿ ಇಮ್ಮುಕ್ ಅದನ್ನು ಆಟವೆಂದುಕೊಂಡಿದ್ದ. ಬಾಲ ಎತ್ತಿ, ಸರಪಳಿ ಎಟುಕಿದಷ್ಟೂ ಪ್ರತಿ ನಾಯಿಯ ಕಡೆಗೂ ಹೋಗಿ ಮೂಸಿದ. ಪಾದ್ರಿ ಎಂಬ ಮುಂದಾಳು ನಾಯಿಯಿತ್ತು, ಕಪ್ಪು ಮೈ, ಕೊರಳ ಸುತ್ತ ಚರ್ಚಿನ ಗುರುವಿನ ಹಾಗೆ ಬಿಳಿ ಪಟ್ಟಿ; ಎನೋಕ್ ಮದುವೆಗೆ ಮುಂಚಿನಿಂದ ಸಾಕಿದ್ದು. ಅದು ಮೊದಲು ಇಮ್ಮುಕ್‌ನನ್ನು ನೋಡಲೂ ಇಲ್ಲ. ಎಸೆದ ಹೆಪ್ಪುಮೀನು ನೆಲಕ್ಕೆ ಬೀಳುವ ಮೊದಲೇ ಉಳಿದವು ನುಂಗುತ್ತಿದ್ದವು, ಇಮ್ಮುಕ್ ಮಾತ್ರ ಮೂಸಿ, ಇದು ಬೇಯುವುದು ಯಾವಾಗ ಎನ್ನುವಂತೆ ಎನೋಕ್‌ನ ಮುಖ ನೋಡುತ್ತಿದ್ದ; ಅಷ್ಟರಲ್ಲಿ ಪಕ್ಕದ ನಾಯಿ ಸರಪಳಿ ಚಾಚಿ ಅದನ್ನೂ ಎಳೆದುಕೊಳ್ಳುತ್ತಿತ್ತು. ಪಕ್ಕೆಲುಬು ಕಾಣತೊಡಗಿದಾಗ ಬೊಲೆಟ್ಟೆ ಬೇಯಿಸಿದ ಸೀಲ್ ಮಾಂಸವನ್ನು ಕೈಗವಸಿನೊಳಗೆ ಅಡಗಿಸಿ ಒಯ್ದಳು. ಅವನು ತಿಂದ, ಅವಳ ಕೈ ನೆಕ್ಕಿದ, ಅಳುವಂಥ ಸಣ್ಣ ದನಿ ತೆಗೆದ. ಅವಳು ತೃಪ್ತಿಯಿಂದ ಮನೆಗೆ ಬಂದಳು. ಮಾರನೆಯ ದಿನ ಬಂಡಿಗೆ ಕಟ್ಟಲು ಬಿಚ್ಚಿದ ಕೂಡಲೇ ಅವನ ಮೀಸೆಗಂಟಿದ ಬೆಂದ ಮಾಂಸದ ವಾಸನೆಗೆ ಎಲ್ಲ ನಾಯಿಗಳೂ ಮುಗಿಬಿದ್ದವು, ಪಾದ್ರಿ ಕಿವಿ ಹರಿದುಹಾಕಿತು. ಎನೋಕ್ ರಕ್ತದ ಕೈಯಲ್ಲೇ ಒಳಗೆ ಬಂದು ಹೇಳಿದ್ದ: "ಕೊಡಬೇಡ ಇನ್ಮೇಲೆ. ನೀನು ಮುದ್ದು ಮಾಡ್ದಷ್ಟೂ ಅವು ಅದನ್ನ ಸಿಗಿದುಹಾಕ್ತವೆ." ಅವಳು ಕೊಡುವುದನ್ನು ನಿಲ್ಲಿಸಿದಳು. ಮೊದಲ ಓಟದಲ್ಲಿ ಅವನು ಎಳೆಯುವ ಬದಲು ತಿರುಗಿ ಬಂದು ಬಂಡಿಯ ಮೇಲೆ, ಎನೋಕ್‌ನ ಪಕ್ಕದಲ್ಲಿ, ಹತ್ತಿ ಕೂತುಬಿಟ್ಟಿದ್ದನಂತೆ. ಕಡಲ ಮೇಲಿದ್ದ ಬೇಟೆಗಾರರೆಲ್ಲ ಬಂಡಿ ನಿಲ್ಲಿಸಿ ನಕ್ಕರಂತೆ. ಅದನ್ನು ಲಾರ್ಸೆರಾಕ್ ಮನೆಮನೆಯಲ್ಲೂ ನಟಿಸಿ ತೋರಿಸಿದ. ಚಾವಟಿಯಿಂದ ಎಷ್ಟು ಏಟು ಬಿತ್ತೆಂಬುದನ್ನು ಮಾತ್ರ ಯಾರೂ ಹೇಳಲಿಲ್ಲ, ಅದು ಹೇಳುವಂಥ ಸಂಗತಿಯಾಗಿರಲಿಲ್ಲ.

ಈಗ ಅವನ ಹಗ್ಗ ತಂತಿಯ ಹಾಗೆ ಬಿಗಿದಿತ್ತು. ತಲೆ ತಗ್ಗಿಸಿ, ಭುಜದ ಮೂಳೆ ಉರುಳುತ್ತ, ಉಳಿದವುಗಳಿಗಿಂತ ಅರ್ಧ ಹೆಜ್ಜೆ ಮುಂದೆಯೇ ಇದ್ದ. ಪಾದ್ರಿಯ ಹಗ್ಗ ಎಲ್ಲಕ್ಕಿಂತ ಉದ್ದ, ಅದು ಮುಂದಾಳಿನ ಹಕ್ಕು. ಆದರೆ ಅದು ಆಗಾಗ ಸಡಿಲಗೊಂಡು ಹಿಮದ ಮೇಲೆ ಎಳೆದಾಡುತ್ತಿತ್ತು. ಹಾಗೆ ಸಡಿಲಗೊಂಡಾಗಲೆಲ್ಲ ಇಮ್ಮುಕ್ ಓಡುತ್ತಲೇ ಪಕ್ಕಕ್ಕೆ ಬಾಗಿ ಅದರ ತೊಡೆಗೆ ಹಲ್ಲು ತಾಗಿಸುತ್ತಿದ್ದ. "ನಿನ್ನ ನಾಯಿ ಈಗ ನಾಯಿ ಆಗಿದೆ ನೋಡು" ಅಂದ ಎನೋಕ್, ಬೆನ್ನಿನಾಚೆಯಿಂದ. ಅವನ ದನಿಯಲ್ಲಿ ಹೆಮ್ಮೆಯಿತ್ತು. ಅವಳಿಗೆ ಸಂತೋಷವಾಗಲೆಂದೇ ಹೇಳಿದ್ದ. ಅವಳಿಗೆ ಸಂತೋಷವಾಯಿತು ಕೂಡ. ತನ್ನ ಮಗ ಬೇರೆ ಮಕ್ಕಳನ್ನು ಹೊಡೆದು ಬಂದನೆಂದು ಕೇಳಿದ ತಾಯಿಯ ನಾಚಿಕೆಗೇಡಿನ ಸಂತೋಷದಂಥದ್ದು.

ಹೆಪ್ಪುಗಟ್ಟಿದ ಕಡಲಿನಲ್ಲಿ ಸಿಕ್ಕಿಕೊಂಡ ದೊಡ್ಡ ಹಿಮಗುಡ್ಡದ ನೆರಳಿನಾಚೆ ಅವರ ಗಾಳದ ತೂತುಗಳಿದ್ದವು. ನಾಯಿಗಳನ್ನು ಮಂಜುಗಡ್ಡೆಯಲ್ಲೇ ಕೊರೆದ ಕೊಂಡಿಗೆ ಬಿಗಿದು ಮೂವರೂ ರಾಟೆಗೆ ಬಂದರು. ಬೊಲೆಟ್ಟೆಯೂ ಲಾರ್ಸೆರಾಕನೂ ಎದುರುಬದುರು ನಿಂತು ತಿರುಗಿಸಿದರು, ಎನೋಕ್ ಒಂದೇ ಕೈಯಲ್ಲಿ ಗಾಳಗಳಿಂದ ಮೀನು ಬಿಡಿಸುತ್ತಿದ್ದ. ಚಪ್ಪಟೆ ಮೈಯ ದೊಡ್ಡ ಮೀನುಗಳು ಒಂದೊಂದಾಗಿ ಕಪ್ಪು ನೀರಿನಿಂದ ಎದ್ದು, ಮಂಜಿನ ಮೇಲೆ ಎರಡು ಸಲ ಬಡಿದು ಸೆಟೆಯುತ್ತಿದ್ದವು. "ಪರವಾಗಿಲ್ಲ ಅತ್ತಿಗೆ, ಕೈಯಲ್ಲಿ ಕಸುವಿದೆ. ಕುರಿ ಉಣ್ಣೆ ಕತ್ತರಿಸೋದೂ ಹಿಂಗೇನಾ?" "ನಿನ್ನ ತಲೆ ತಾ, ತೋರಿಸ್ತೀನಿ" ಅಂದಳು ಅವಳು, ಯೋಚಿಸದೆ. ಎನೋಕ್ ಗಟ್ಟಿಯಾಗಿ ನಕ್ಕ. ಲಾರ್ಸೆರಾಕ್ ಸೋತವನ ಹಾಗೆ ಟೋಪಿ ಕಿವಿಯವರೆಗೆ ಎಳೆದುಕೊಂಡ. ಅವಳ ಮಾತಿಗೆ ಈ ಊರಿನಲ್ಲಿ ಯಾರಾದರೂ, ಅವಳ ಮೇಲೆ ಅಲ್ಲದೆ, ನಕ್ಕದ್ದು ಅದೇ ಮೊದಲಿರಬೇಕು. ಬೆವರು ಬೆನ್ನಿನಲ್ಲಿ ಇಳಿಯುತ್ತಿತ್ತು, ಸೂರ್ಯ ಕೆನ್ನೆಗೆ ಬಿಸಿಯಾಗಿ ತಾಗುತ್ತಿತ್ತು. ಇಷ್ಟೇ ಬೇಕಾಗಿದ್ದದ್ದು ಅನ್ನಿಸಿತು ಅವಳಿಗೆ.

ಆಗಲೇ ಒಂದು ಮೀನು ಎನೋಕ್‌ನ ಕೈಜಾರಿ, ಇಳಿಜಾರಾಗಿದ್ದ ಮಂಜಿನ ಮೇಲೆ ತಿರುಗುತ್ತ ನಾಯಿಗಳ ಕಡೆಗೆ ಹೋಯಿತು. ಅದು ನಿಂತದ್ದು ಪಾದ್ರಿಯ ಮುಂದೆ. ಪಾದ್ರಿ ಅದರ ಮೇಲೆ ಕಾಲಿಟ್ಟಿತು. ಇಮ್ಮುಕ್ ಕೂಗಲಿಲ್ಲ, ಗುರುಗುಟ್ಟಲಿಲ್ಲ. ಬಿಳಿಯ ಮೈ ನೆಲದಿಂದೆದ್ದು ಕರಿಯ ಮೈ ಮೇಲೆ ಬಿದ್ದದ್ದು ಮಾತ್ರ ಕಂಡಿತು. ಉಳಿದವು ಸುತ್ತ ಹಗ್ಗ ಚಾಚಿ ನಿಂತು, ಯಾರು ಕೆಳಗೆ ಬೀಳುತ್ತಾರೆಂದು ಕಾಯತೊಡಗಿದವು. ಪಾದ್ರಿ ಬಿತ್ತು. ಇಮ್ಮುಕ್ ಅದರ ಗಂಟಲನ್ನು ಹಿಡಿದು ಅಲುಗಿಸುತ್ತಿದ್ದ, ಒಂದು ಕಾಲದಲ್ಲಿ ಅವಳ ಮನೆಚಪ್ಪಲಿಯನ್ನು ಅಲುಗಿಸುತ್ತಿದ್ದ ಹಾಗೆಯೇ. ಎನೋಕ್ "ಹೋಗ್ಬೇಡ, ನಿಲ್ಲು!" ಎಂದು ಕೂಗಿದ್ದು ಕೇಳಿಸಿತು. ಅವಳು ಆಗಲೇ ಓಡುತ್ತಿದ್ದಳು. ಯಾಕೆಂದು ಆಮೇಲೆ ಎಷ್ಟು ಕೇಳಿಕೊಂಡರೂ ಅವಳಿಗೆ ಒಂದೇ ಉತ್ತರ ಸಿಗುತ್ತಿತ್ತು: ಮುದಿ ನಾಯಿಯನ್ನು ಉಳಿಸಲಿಕ್ಕಲ್ಲ, ತನ್ನ ಮಾತು ಅವನು ಕೇಳುವುದನ್ನು ಈ ಇಬ್ಬರು ಗಂಡಸರೂ ನೋಡಲೆಂದು. ಕೈಗವಸು ಕಿತ್ತೆಸೆದು, ಸೋಫಾದ ಬಳಿ ಬಳಸುತ್ತಿದ್ದ ದನಿಯಲ್ಲಿ, "ಇಮ್ಮುಕ್, ಬಿಡು ಚಿನ್ನ, ಬಿಡು" ಎನ್ನುತ್ತ ಅವನ ಕತ್ತಿನ ತೊಗಲಿಗೆ ಕೈಹಾಕಿದಳು. ಅವನು ಬಿಟ್ಟ. ತಿರುಗಿ ಅವಳನ್ನು ನೋಡಿದ. ಗುರುತು ಸಿಗದೆ ಅಲ್ಲ, ಗಡಿಬಿಡಿಯಲ್ಲಿ ಅಲ್ಲ. ನೋಡಿ, ಕೈಯನ್ನು ಬಾಯಲ್ಲಿ ಹಿಡಿದು ಹಲ್ಲುಗಳನ್ನು ಒಂದಕ್ಕೊಂದು ಸೇರಿಸಿದ. ಆಮೇಲೆ ಆ ಕೆಲಸ ಮುಗಿಯಿತೆಂಬಂತೆ ಮತ್ತೆ ಮೀನಿನ ಕಡೆ ತಿರುಗಿದ.

ಎನೋಕ್ ಚಾವಟಿಯ ಹಿಡಿಯಿಂದ ಎರಡನ್ನೂ ಬಡಿದು ಬೇರೆ ಮಾಡಿದ. ಎರಡರ ಮುಸುಡಿಯೂ ಕೆಂಪಾಗಿತ್ತು. ಲಾರ್ಸೆರಾಕ್ ಹಿಮದ ಮೇಲೆ ಅವಳ ಕೈಯಿಂದ ಬೀಳುತ್ತಿದ್ದ ಹನಿಗಳನ್ನು ನೋಡಿದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. "ಅತ್ತಿಗೆ. ಕಚ್ತಾ?" ಅವಳು ಕೈಯನ್ನು ಕಂಕುಳಲ್ಲಿ ಅಮುಕಿಕೊಂಡಳು. "ಯಾವ್ದು ಕಚ್ಚಿದ್ದು?" ಎಂದು ಅವನು ಮತ್ತೆ ಕೇಳಿದ. ಮನುಷ್ಯರ ಮೈಗೆ ಹಲ್ಲಿಟ್ಟ ನಾಯಿಯನ್ನು ಅದೇ ದಿನ ಕೊಲ್ಲಬೇಕು. ಅದರಲ್ಲಿ ವಾದವಿಲ್ಲ, ಪಕ್ಕದ ಊರಿನಲ್ಲಿ ಹಾಡಹಗಲಿನಲ್ಲಿ ನಾಯಿಗಳ ಬಾಯಿಗೆ ಸಿಕ್ಕಿ ಒಂದು ಮಗು ಹೋದಮೇಲೆ ಯಾರೂ ವಾದಿಸಿರಲಿಲ್ಲ. ಇಮ್ಮುಕ್ ಮೀನಿನ ತಲೆ ಕಡಿಯುತ್ತಿದ್ದ ಸದ್ದು ಕೇಳುತ್ತಿತ್ತು. ಪಾದ್ರಿ ಎದ್ದು ನಿಲ್ಲಲು ನೋಡಿ, ಕೂತು, ಕತ್ತಿನ ಗಾಯವನ್ನು ನೆಕ್ಕಲು ನಾಲಿಗೆ ಎಟುಕದೆ ಸುಮ್ಮನೆ ಗಾಳಿ ನೆಕ್ಕುತ್ತಿತ್ತು.

"ಪಾದ್ರಿ" ಅಂದಳು ಬೊಲೆಟ್ಟೆ.

ಎನೋಕ್ ಅವಳ ಕಡೆ ನೋಡಿದ. ಬಹಳ ಹೊತ್ತೇನೂ ಅಲ್ಲ. "ಸರಿಯಾಗಿ ನೋಡಿದ್ರಾ?" ಎಂದು ಕೇಳಿದ್ದು ಲಾರ್ಸೆರಾಕ್. "ನನ್ನ ಕೈ ಅಲ್ವಾ? ನಂಗೊತ್ತಿಲ್ವಾ?" ಎಂದು ಅವಳು ಆ ಕೈಯನ್ನೇ ಮುಂದೆ ಚಾಚಿ ಕೂಗಿದಳು, ಕೂಗಿದಾಗ ಅವಳ ಮಾತಿನಲ್ಲಿ ದಕ್ಷಿಣದ ಎಳೆತ ಪೂರ್ತಿಯಾಗಿ ಬಂದುಬಿಟ್ಟಿತ್ತು. ಎನೋಕ್ ಬಂಡಿಯ ಹಿಂಬದಿಯಿಂದ ಬಂದೂಕು ಬಿಚ್ಚಿದ. ಪಾದ್ರಿಯನ್ನು ಕೊಂಡಿಯಿಂದ ತಪ್ಪಿಸಿದ. ಕೆಲಸಕ್ಕೆ ಕರೆದರೆಂದುಕೊಂಡ ಅದು ಕುಂಟುತ್ತಲೇ ಬಾಲ ಸುರುಳಿ ಮಾಡಿ, ದಾರಿ ತೋರಿಸುವವನ ಹಾಗೆ ಅವನಿಗಿಂತ ಒಂದು ಹೆಜ್ಜೆ ಮುಂದೆಯೇ ಹಿಮಗುಡ್ಡದ ಆಚೆಗೆ ನಡೆಯಿತು. ಎನೋಕ್ ಅದರೊಡನೆ ಏನೋ ಮಾತಾಡುತ್ತ ಹೋದ. ತನ್ನೊಡನೆ ಅವನು ಎಂದಾದರೂ ಅಷ್ಟು ಉದ್ದ ಮಾತಾಡಿದ್ದು ಬೊಲೆಟ್ಟೆಗೆ ನೆನಪಿರಲಿಲ್ಲ. ಗುಂಡಿನ ಸದ್ದು ಹಿಮಗುಡ್ಡಕ್ಕೆ ಬಡಿದು ಎರಡಾಗಿ ಬಂತು. ನಾಯಿಗಳು ತಲೆಯೆತ್ತಿದವು, ಇಮ್ಮುಕ್ ಎತ್ತಲಿಲ್ಲ. ಎನೋಕ್ ಮರಳಿದಾಗ ಅವನ ಕೈಯಲ್ಲಿ ಖಾಲಿ ಎಳೆಪಟ್ಟಿಯಿತ್ತು. ಅದರ ಉದ್ದನೆಯ ಹಗ್ಗವನ್ನು ಬಿಚ್ಚಿ ಇಮ್ಮುಕ್‌ಗೆ ಕಟ್ಟಿದ.

ಮನೆಯಲ್ಲಿ ಸಬೀನಾ ಬಿಸಿನೀರಿಗೆ ಉಪ್ಪು ಹಾಕಿ ಅವಳ ಕೈಯನ್ನು ಅದರಲ್ಲಿ ಮುಳುಗಿಸಿದಳು. "ನಾಳೆ ನರ್ಸ್ ಹತ್ರ ಹೋಗು" ಎನ್ನುತ್ತ ರಕ್ತ ತೊಳೆದು, ಅಂಗೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಮೇಲ್ಗಡೆ ಎರಡು ಆಳವಾದ ತೂತು, ಕೆಳಗಡೆ ಎರಡು. ಮುದುಕಿ ಒಂದೊಂದನ್ನೂ ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು. "ಯಾವ್ದು ಅಂದೆ?" "ಪಾದ್ರಿ." ಸಬೀನಾ ಅವಳ ಕೈ ಬಿಡಲಿಲ್ಲ. "ಪಾದ್ರಿಗೆ ಮೇಲಿನ ಕೋರೆಹಲ್ಲು ಇರ್ಲಿಲ್ಲ ಕಣೇ. ಕ್ರಿಸ್ಮಸ್ ಹೊತ್ಗೆ ಹೆಪ್ಪುಗಟ್ಟಿದ ಮೂಳೆ ಕಡಿಯೋಕೆ ಹೋಗಿ ಎರಡೂ ಮುರ್ಕೊಂಡಿತ್ತು. ನಾನೇ ಮೀನು ಸಣ್ಣಗೆ ಹೆಚ್ಚಿ ಹಾಕ್ತಿದ್ದೆ, ನೀವಿಬ್ರೂ ಮಲಗಿದ್ದಾಗ. ನಗ್ತೀರಿ ಅಂತ." ಅವಳು ಅದನ್ನು ಗದರದೆ, ಬರೀ ಮಾಹಿತಿಯೆಂಬಂತೆ ಹೇಳಿದಳು. ಆಮೇಲೆ ಮಗನನ್ನು ಕರೆದಳು: "ಎನೋಕ್, ಬಾ ಇಲ್ಲಿ. ನಿನ್ನ ಹೆಂಡ್ತಿ ಕೈ ನೋಡು."

ಮೇಜಿನ ಬಳಿ ಬೇಯಿಸಿದ ಮಾಂಸ ಕೊಯ್ಯುತ್ತಿದ್ದ ಎನೋಕ್ ಏಳಲಿಲ್ಲ. "ನೋಡಿದ್ದೀನಿ."

"ಯಾವಾಗ?" ಎಂದದ್ದು ಬೊಲೆಟ್ಟೆ.

"ಅಲ್ಲೇ. ನೀನು ಹೇಳ್ದಾಗ." ಅವನು ತುಂಡನ್ನು ಬಾಯಿಗಿಟ್ಟು ಅಗಿದು ಮುಗಿಸಿದ. "ಅದು ಇನ್ನೆಷ್ಟು ದಿನ ಎಳೀತಿತ್ತು? ಬಿಳೀದು ಇನ್ನೂ ಏಳೆಂಟು ಚಳಿಗಾಲ ಎಳೆಯುತ್ತೆ. ಇವೆರಡರಲ್ಲಿ ಒಂದನ್ನ ಆರಿಸು ಅಂದಿದ್ರೆ ನನ್ನ ಕೈಲಿ ಆಗ್ತಿರ್ಲಿಲ್ಲ. ನೀನು ಆರಿಸಿಕೊಟ್ಟೆ." ಮತ್ತೆ ಚಾಕು ಎತ್ತಿಕೊಂಡು, ನಿಜವಾದ ಕೃತಜ್ಞತೆಯಿಂದ ಸೇರಿಸಿದ: "ಒಳ್ಳೇದೇ ಮಾಡ್ದೆ." ಗಂಡನ ಬಾಯಿಂದ ಈ ಮಾತಿಗಾಗಿ ಅವಳು ಎಷ್ಟು ಕಾಲದಿಂದ ಕಾದಿದ್ದಳೋ. ಅದು ಬಂದ ಮೇಲೆ ಎಲ್ಲಿಡಬೇಕೆಂದು ತಿಳಿಯದೆ, ನೀರಿನಲ್ಲಿ ಬಿಳಿಚಿಕೊಂಡ ತನ್ನ ಬೆರಳುಗಳನ್ನು ನೋಡುತ್ತ ಕೂತಳು.

ಸಬೀನಾ ಗಾಯಕ್ಕೆ ಬಟ್ಟೆ ಸುತ್ತಿದಳು. ಆಮೇಲೆ ಕಪಾಟಿನ ಮರೆಯಿಂದ ಒಂದು ನೀಲಿ ಬೋಗುಣಿ ತೆಗೆದಳು. ಅದರಲ್ಲಿ ಹೆಚ್ಚಿದ ಮೀನಿತ್ತು, ಬೆಳಿಗ್ಗೆಯೇ ಹೆಚ್ಚಿಟ್ಟದ್ದು. "ಹಾಕು ಹೋಗು. ಯಾವುದಕ್ಕೆ ಬೇಕೋ ಅದಕ್ಕೆ."

ಹೊರಗೆ ಸಂಜೆಯ ಬೆಳಕು ಇನ್ನೂ ಇತ್ತು. ನಾಯಿಗಳು ಎದ್ದು ನಿಂತವು. ಅವಳು ನೇರವಾಗಿ ಬಿಳಿಯ ನಾಯಿಯ ಬಳಿ ಹೋಗಿ, ಸರಪಳಿಯ ಅಳತೆಗೆ ಮೆಟ್ಟಿ ಗಟ್ಟಿಯಾಗಿದ್ದ ಹಿಮದ ಅಂಚಿನಲ್ಲಿ ನಿಂತು, ಬೋಗುಣಿಯನ್ನು ಕಾಲಿನಿಂದ ಒಳಕ್ಕೆ ತಳ್ಳಿದಳು. ಅದು ಎರಡು ಬಾಯಿಗೆ ಖಾಲಿಯಾಯಿತು. ಆಮೇಲೂ ಅವನು ಬೋಗುಣಿಯ ಮೇಲೆ ಎರಡೂ ಮುಂಗಾಲೂರಿ ಬಿಡಲಿಲ್ಲ. ಅವಳು ಬಗ್ಗಿದರೆ ತುಟಿ ಮೇಲೇರುತ್ತಿತ್ತು. "ಇಮ್ಮುಕ್" ಅಂದಳು. ತುಟಿ ಇನ್ನಷ್ಟು ಮೇಲೇರಿತು. ಒಳಗಿನಿಂದ ಅತ್ತೆ ಕೂಗಿದಳು: "ಬೋಗುಣಿ ತಗೊಂಡು ಬಾರೇ!" ಬೊಲೆಟ್ಟೆ ಸುತ್ತ ನೋಡಿದಳು. ಬಂಡಿಯ ಮೇಲೆ ಚಾವಟಿಯಿತ್ತು. ಎಡಗೈಯಲ್ಲಿ ಅದರ ಹಿಡಿಯನ್ನು ತಿರುಗಿಸಿ ಹಿಡಿದು ಬಂದು ಮೂಗಿನ ಮೇಲೆ ಹೊಡೆದಳು. ಮೊದಲ ಏಟಿಗೆ ಅವನು ಬಿಡಲಿಲ್ಲ. ಎರಡನೆಯದನ್ನು ಭುಜದಿಂದ ಎತ್ತಿ ಹೊಡೆದಳು. ಅವನು ಬೋಗುಣಿ ಬಿಟ್ಟು ಹಿಂದೆ ಸರಿದ, ಹೊಟ್ಟೆಯನ್ನು ಹಿಮಕ್ಕೊತ್ತಿ ಮಲಗಿದ, ಒಂದೂವರೆ ಕಿವಿಯನ್ನು ತಲೆಗಂಟಿಸಿ ಅವಳ ಮುಖವನ್ನು ನೋಡಿದ. ಬಾಲದ ತುದಿ ಮೆಲ್ಲಗೆ, ಆಮೇಲೆ ಜೋರಾಗಿ, ಅಲುಗತೊಡಗಿತು.

ಅವಳು ಬೋಗುಣಿಯನ್ನೆತ್ತಿಕೊಂಡು ಒಳಗೆ ಹೋದಳು.